ಮಳೆಗಾಲದ ಮಂಕಿಗೆ ಅಮೈನೋ ಆಮ್ಲದ ಡಬ್ಬಿ: ಬೇಕೇ, ಬೇಡವೇ?

ಪರ: ಗೊಬ್ಬರ ಕಾಣದ ತೋಟ ಫಸಲು ಕೊಟ್ಟೀತೇ?

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಆಶ್ಲೇಷಾ ಮುಗಿಯುವ ತನಕ ಅಂಗಳಕ್ಕೆ ಬಿಸಿಲು ಬೀಳುವುದೇ ಅಪರೂಪ. ಎರಡು ವರ್ಷದ ಹಿಂದೆ ಅಂಥದೇ ಮಳೆಯಲ್ಲಿ ನನಗೆ ಹಾಸಿಗೆ ಬಿಟ್ಟು ಏಳುವುದೇ ದೊಡ್ಡ ಕೆಲಸವಾಯಿತು. ಮೈಲುತುತ್ತ, ಸುಣ್ಣ ತರಿಸಬೇಕು, ಅಡಿಕೆಗೆ ಕೊಳೆ ಔಷಧಿ ಹೊಡೆಯುವವರಿಗೆ ಹೇಳಿ ಕಳಿಸಬೇಕು, ಯಾವುದಕ್ಕೂ ಮನಸ್ಸಿಲ್ಲ. ರಾತ್ರಿ ಎರಡಕ್ಕೆ ನಿದ್ದೆ ಹಾರಿದರೆ ಹಂಚಿನ ಮೇಲಿನ ಮಳೆಯ ಸದ್ದು ಕೇಳುತ್ತಲೇ ಬೆಳಗಾಗುತ್ತಿತ್ತು. "ಮಳೆಗಾಲಕ್ಕೆ ಎಲ್ಲರಿಗೂ ಹಂಗೇ ಮಾರಾಯ್ತಿ" ಅಂದರು ಅತ್ತೆ.

ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿ ಇತ್ತು, ಬಿ12 ಕಡಿಮೆ ಇತ್ತು. ಆಮೇಲೆ ದಿನಕ್ಕೆ ಏನೇನು ಊಟ ಮಾಡುತ್ತೀರಿ ಎಂದು ಕೇಳಿದರು. ಬೆಳಿಗ್ಗೆ ಅಕ್ಕಿ ರೊಟ್ಟಿ, ಚಟ್ನಿ. ಮಧ್ಯಾಹ್ನ ಅನ್ನ, ಸಾರು, ತಂಬುಳಿ. ರಾತ್ರಿ ಹಸಿವಿಲ್ಲವೆಂದು ಗಂಜಿ, ಉಪ್ಪಿನಕಾಯಿ. ಮನೆಗೆ ಬಂದವಳು ಅಡಿಗೆಮನೆಯ ತಕ್ಕಡಿ ತೆಗೆದೆ. ಐದು ಜನರ ಸಾರಿಗೆ ನಾನು ಹಾಕುತ್ತಿದ್ದ ತೊಗರಿಬೇಳೆ 100 ಗ್ರಾಂ. ಅದರಲ್ಲಿರುವ ಪ್ರೋಟೀನು ಸುಮಾರು 22 ಗ್ರಾಂ. ನನ್ನ ಪಾಲು ನಾಲ್ಕೂವರೆ ಗ್ರಾಂ ಆಗಬೇಕಿತ್ತು, ಅಷ್ಟೂ ಇರಲಿಲ್ಲ. ಕೊನೆಗೆ ಉಣ್ಣುವವಳ ಬಟ್ಟಲಿಗೆ ಬರುವುದು ಮೇಲಿನ ತಿಳಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಒಂದು ಕೆಜಿ ತೂಕಕ್ಕೆ 0.83 ಗ್ರಾಂ. 52 ಕೆಜಿಯ ನನಗೆ ದಿನಕ್ಕೆ 43 ಗ್ರಾಂ ಬೇಕು. ಅನ್ನ, ಮಜ್ಜಿಗೆ ಎಲ್ಲ ಸೇರಿಸಿದರೂ ಮೂವತ್ತರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಅದೂ ಹೆಚ್ಚಿನದು ಅಕ್ಕಿಯದು. ಪ್ರೋಟೀನು ಕಟ್ಟಿರುವುದೇ ಅಮೈನೋ ಆಮ್ಲಗಳಿಂದ, ಅವುಗಳಲ್ಲೊಂದಾದ ಲೈಸಿನ್ ಅಕ್ಕಿಯಲ್ಲಿ ಕಡಿಮೆ.

ಮೈಗೆ ತಾನೇ ತಯಾರಿಸಿಕೊಳ್ಳಲಾಗದ ಅಮೈನೋ ಆಮ್ಲಗಳು ಒಂಬತ್ತು. ಅವುಗಳಲ್ಲೊಂದು ಟ್ರಿಪ್ಟೊಫ್ಯಾನ್. ಮನಸ್ಸು, ನಿದ್ದೆ ಎರಡಕ್ಕೂ ಬೇಕಾದ ಸೆರೊಟೋನಿನ್ ಎಂಬ ರಾಸಾಯನಿಕ ತಯಾರಾಗುವುದು ಅದರಿಂದಲೇ. ಇದು ಜಾಹೀರಾತಿನವರು ಕಟ್ಟಿದ ಕತೆಯಲ್ಲ. ಖಿನ್ನತೆಯಿಂದ ಔಷಧಿ ತೆಗೆದುಕೊಂಡು ಚೇತರಿಸಿಕೊಂಡಿದ್ದವರಿಗೆ ಟ್ರಿಪ್ಟೊಫ್ಯಾನ್ ಇಲ್ಲದ ಅಮೈನೋ ಆಮ್ಲದ ಪಾನೀಯ ಕುಡಿಸಿ ನೋಡಿದ ಪ್ರಯೋಗವೊಂದು 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಹಲವರು ಕೆಲವೇ ತಾಸುಗಳಲ್ಲಿ ಮತ್ತೆ ಕುಸಿದರು. ಮಾಮೂಲಿ ಊಟಕ್ಕೆ ಮರಳಿದ ಮೇಲೆ ಸುಧಾರಿಸಿದರು.

ವೈದ್ಯರ ಒಪ್ಪಿಗೆ ಪಡೆದೇ ನಾನು ರಾತ್ರಿ ಟ್ರಿಪ್ಟೊಫ್ಯಾನ್ ಮಾತ್ರೆ, ಬೆಳಿಗ್ಗೆ ಒಂಬತ್ತೂ ಇರುವ ಪುಡಿ ತೆಗೆದುಕೊಂಡೆ. ಒಂದೂವರೆ ತಿಂಗಳಲ್ಲಿ ನಿದ್ದೆ ಹತ್ತಿತು, ತೋಟಕ್ಕೆ ಇಳಿದೆ. ಬಿ12 ಇಂಜೆಕ್ಷನ್ನೂ ನಡೆಯುತ್ತಿತ್ತು, ಮುಚ್ಚಿಡುವುದಿಲ್ಲ. ಎರಡೂ ಸೇರಿ ನನ್ನನ್ನು ಎಬ್ಬಿಸಿದವು ಎಂದೇ ನಂಬಿದ್ದೇನೆ. ಬೇಳೆ ತಿನ್ನಿ, ಮೊಳಕೆ ಕಾಳು ತಿನ್ನಿ ಎನ್ನುವವರಿಗೆ ಒಂದು ಮಾತು: ಮನಸ್ಸು ಕುಗ್ಗಿದವಳಿಗೆ ತುತ್ತೇ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಲೋಟ ನೀರಿಗೆ ಎರಡು ಚಮಚ ಪುಡಿ ಹೇಗೋ ಇಳಿಯುತ್ತದೆ. ಹಸಿವು ಬಂದ ಮೇಲೆ ಹುರುಳಿ ಕಟ್ಟಿನ ಸಾರು ಇದ್ದೇ ಇದೆ. ಈಗ ನಮ್ಮನೆ ಸಾರಿಗೆ ಬೇಳೆ ಕಾಲು ಕೆಜಿ, ನಾನು ಎಲ್ಲರ ಜೊತೆಗೇ ಕೂತು ಉಣ್ಣುತ್ತೇನೆ.

ವಿರೋಧ: ಗಲ್ಲೆಯ ಈಚೆಯಿಂದ ಕಂಡದ್ದು

ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟವನು. ಈ ಡಬ್ಬಿಗಳನ್ನು ಮಾರಿದವನೇ ಬೇಡ ಎನ್ನುತ್ತಿದ್ದೇನೆ.

ಮೇಲೆ ಬರೆದ ಅಕ್ಕನವರ ತಕ್ಕಡಿ ಲೆಕ್ಕಕ್ಕೆ ಕೈ ಮುಗಿಯುತ್ತೇನೆ. ಮಲೆನಾಡಿನ ಹೆಂಗಸರ ಬಟ್ಟಲಲ್ಲಿ ಬೇಳೆ ಕಾಣುವುದಿಲ್ಲ ಎಂಬುದು ನಿಜ. ಆದರೆ ಅದಕ್ಕೆ ಮದ್ದು ಅವರೇ ಕೊನೆಗೆ ಕಂಡುಕೊಂಡ ಕಾಲು ಕೆಜಿ ಬೇಳೆ. ಅರವತ್ತು ಕೆಜಿ ತೂಕದವರಿಗೆ ದಿನಕ್ಕೆ ಬೇಕಾದ ಟ್ರಿಪ್ಟೊಫ್ಯಾನ್ 240 ಮಿಲಿಗ್ರಾಂ. 100 ಗ್ರಾಂ ಹೆಸರುಕಾಳಿನಲ್ಲೇ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ. ಬಿ12 ಕೊರತೆಯೊಂದೇ ಮನುಷ್ಯನನ್ನು ಹಾಗೆ ಮಂಕು ಮಾಡಬಲ್ಲದು. ಅದಕ್ಕೆ ಇಂಜೆಕ್ಷನ್ ನಡೆಯುತ್ತಿರುವಾಗ ಗುಣವಾದರೆ ಅರ್ಧ ಹೆಸರು ಮಾತ್ರೆಗೆ ಏಕೆ ಕೊಡಬೇಕು?

ಇನ್ನೊಂದು ವಿಷಯ ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ಟ್ರಿಪ್ಟೊಫ್ಯಾನ್ ರಕ್ತದಿಂದ ಮಿದುಳಿಗೆ ಹೋಗುವ ಬಾಗಿಲಲ್ಲೇ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಟೈರೊಸಿನ್‌ ಎಂಬ ಅಮೈನೋ ಆಮ್ಲಗಳೂ ಹೋಗಬೇಕು. ಶನಿವಾರ ಸಂಜೆ ಹೊಸನಗರದ ಕೊನೇ ಬಸ್ಸಿಗೆ ಜನ ಮುಗಿಬಿದ್ದ ಹಾಗೆ. ಜಿಮ್ಮಿಗೆ ಹೋಗುವ ಹುಡುಗರು ಒಯ್ಯುವ ಪುಡಿಯಲ್ಲಿ ಮೊದಲ ಮೂರೇ ತುಂಬಿರುತ್ತವೆ. ಅದನ್ನು ಕುಡಿದರೆ ಟ್ರಿಪ್ಟೊಫ್ಯಾನ್ ಇನ್ನೂ ಹಿಂದೆ ಬೀಳುತ್ತದೆ. ಮೈ ಟ್ರಿಪ್ಟೊಫ್ಯಾನಿನಿಂದಲೂ ತಯಾರಿಸಿಕೊಳ್ಳುವ ಬಿ3 ಜೀವಸತ್ವ ಕಡಿಮೆಯಾದರೆ ಬರುವ ರೋಗ ಪೆಲಾಗ್ರ. ಬರೀ ಜೋಳ ಉಣ್ಣುವವರಿಗೆ ಬರುತ್ತಿದ್ದ ಆ ರೋಗವನ್ನು ಹೈದರಾಬಾದಿನಲ್ಲಿ ಅಧ್ಯಯನ ಮಾಡಿದ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ, ಜೋಳದಲ್ಲಿ ಲ್ಯೂಸಿನ್ ಹೆಚ್ಚಿರುವುದೇ ಒಂದು ಕಾರಣವಿರಬಹುದೆಂದು 1960ರಲ್ಲೇ ವಾದ ಮುಂದಿಟ್ಟಿದ್ದರು. ಒಂದನ್ನು ಸುರಿದರೆ ಇನ್ನೊಂದರ ಹದ ತಪ್ಪಬಹುದು ಎಂಬ ಮಾತು ಅಷ್ಟು ಹಳೆಯದು.

ಕುಡಿಸಿ ಕುಸಿಸಿದ ಪ್ರಯೋಗದ ಮಾತು ಬಂತು. ಅದೇ ಪಾನೀಯವನ್ನು ಖಿನ್ನತೆಯ ಹಿನ್ನೆಲೆಯೇ ಇಲ್ಲದ ಆರೋಗ್ಯವಂತರಿಗೆ ಕೊಟ್ಟಾಗ ಸಾಮಾನ್ಯವಾಗಿ ಮನಸ್ಸು ಕುಗ್ಗಲಿಲ್ಲ. ಇನ್ನು ಟ್ರಿಪ್ಟೊಫ್ಯಾನ್ ಅಥವಾ ಮೈಯಲ್ಲಿ ಅದರಿಂದಲೇ ಆಗುವ 5-ಎಚ್‌ಟಿಪಿ ಮಾತ್ರೆಯನ್ನು ಖಿನ್ನತೆಗೆ ಕೊಟ್ಟು ನೋಡಿದ ಅಧ್ಯಯನಗಳನ್ನು, ಚಿಕಿತ್ಸೆಗಳ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯವರು ಜಾಲಾಡಿದಾಗ 108 ಸಿಕ್ಕವು, ಗುಣಮಟ್ಟದ ಅಳತೆಗೆ ನಿಂತದ್ದು ಎರಡೇ, ಅವುಗಳಲ್ಲಿದ್ದ ಜನ 64. ಔಷಧಿಯಿಲ್ಲದ ಬರೀ ಸಪ್ಪೆ ಮಾತ್ರೆ ತೆಗೆದುಕೊಂಡವರಿಗಿಂತ ನಿಜವಾದ ಮಾತ್ರೆ ತೆಗೆದುಕೊಂಡವರಿಗೆ ಮೇಲು ಅನ್ನಿಸಿತ್ತು, ಹೌದು. ಆದರೆ ಅಷ್ಟು ಜನರನ್ನು ನೋಡಿ ಊರಿಗೆಲ್ಲ ಮಾತ್ರೆ ಹಂಚಲಾಗದು.

1989ರಲ್ಲಿ ಅಮೆರಿಕದಲ್ಲಿ ಆದದ್ದನ್ನು ಪ್ರತಿ ಡಬ್ಬಿಯ ಜೊತೆಗೂ ಹೇಳಬೇಕು. ನಿದ್ದೆಗೆಂದು, ಮನಸ್ಸಿನ ಬೇಸರಕ್ಕೆಂದು ಟ್ರಿಪ್ಟೊಫ್ಯಾನ್ ನುಂಗುತ್ತಿದ್ದವರಿಗೆ ಸ್ನಾಯುಗಳಲ್ಲಿ ಸಹಿಸಲಾಗದ ನೋವು ಶುರುವಾಯಿತು. 1,500ಕ್ಕೂ ಹೆಚ್ಚು ಜನ ನರಳಿದರು, 37 ಮಂದಿಯಾದರೂ ಸತ್ತರು. ಹೆಚ್ಚಿನ ಮಾತ್ರೆಗಳ ಮೂಲ ಜಪಾನಿನ ಒಂದೇ ಕಾರ್ಖಾನೆ. ತಯಾರಿಕೆಯಲ್ಲಿ ಸೇರಿದ ಕಲ್ಮಶದ ಮೇಲೇ ಗುಮಾನಿ ಹೋಯಿತು. ಕಲ್ಮಶ ಕಣ್ಣಿಗೆ ಕಾಣುವುದಿಲ್ಲ. ಅಂಚೆಯಲ್ಲಿ ತರಿಸಿಕೊಂಡ ಡಬ್ಬಿಯಲ್ಲಿ ಏನಿದೆ ಎಂದು ಮಾರುವ ನನಗೇ ಗೊತ್ತಾಗುವುದಿಲ್ಲ.

ಹೋದ ಮಳೆಗಾಲದಲ್ಲಿ ಒಬ್ಬರು ಬಂದು ಗಲ್ಲೆಯ ಮೇಲೆ ಎರಡು ವಸ್ತು ಇಟ್ಟರು: ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್ ಮಾತ್ರೆಯ ಶೀಟು, ಪಕ್ಕದಲ್ಲಿ ಆನ್‌ಲೈನಿನಲ್ಲಿ ತರಿಸಿದ 5-ಎಚ್‌ಟಿಪಿ ಬಾಟಲಿ. "ಎರಡೂ ಖಾಲಿಯಾಗ್ತಾ ಬಂತು, ಇನ್ನೊಂದು ತಿಂಗಳಿಗೆ ಕೊಡಿ." ಹೊರಗೆ ಜಡಿಮಳೆ, ಚಳಿ, ಅವರ ಹಣೆಯಲ್ಲಿ ಬೆವರು. ಚೀಟಿ ಹಿಡಿದ ಬೆರಳು ನಡುಗುತ್ತಿದ್ದವು. ಶೀಟಿನ ಮಾತ್ರೆ ಸೆರೊಟೋನಿನ್ ಬೇಗ ಖಾಲಿಯಾಗದಂತೆ ತಡೆಯುತ್ತದೆ, ಬಾಟಲಿಯದು ಇನ್ನಷ್ಟು ತಯಾರಿಸುತ್ತದೆ. ಎರಡೂ ಕೂಡಿದರೆ ನಡುಕ, ಬೆವರು, ಎದೆ ಹೊಡೆತ, ಮಿತಿ ಮೀರಿದರೆ ಜೀವಕ್ಕೇ ಸಂಚಕಾರ. ಬಾಟಲಿ ನಾನೇ ಇಟ್ಟುಕೊಂಡು, ಆಟೋ ಹತ್ತಿಸಿ ಅವರ ವೈದ್ಯರ ಹತ್ತಿರ ಕಳಿಸಿದೆ. "ಇದು ಔಷಧಿ ಅಲ್ಲವಲ್ಲ, ಡಾಕ್ಟ್ರಿಗೆ ಯಾಕೆ ಹೇಳೋದು ಅಂದ್ಕೊಂಡೆ" ಅಂದರು ಆ ಮನುಷ್ಯ.

ನನ್ನ ಭಾವನೂ ಹಾಗೇ ಅಂದುಕೊಂಡಿದ್ದರು. ಎಲೆಚುಕ್ಕಿ ರೋಗಕ್ಕೆ ಅರ್ಧ ತೋಟ ಹೋದ ವರ್ಷ ಅವರು ಮಾತು ಬಿಟ್ಟರು. ಮನೋವೈದ್ಯರ ಹತ್ತಿರ ಹೋದರೆ ಊರಲ್ಲಿ ಏನಂದಾರು ಎಂದು ಎಂಟು ತಿಂಗಳು ಪುಡಿ ಕುಡಿದರು. ತರಿಸಿಕೊಟ್ಟವನು ನಾನು. ತಮ್ಮ ಅಂಗಡಿ ಇಟ್ಟಿದ್ದಾನೆ, ಅವನಿಗೆ ಗೊತ್ತಿರುತ್ತದೆ ಎಂದು ಅಕ್ಕ ನಂಬಿದ್ದಳು. ಒಂದು ಬೆಳಿಗ್ಗೆ ಅವರು ತೋಟದ ಕಡೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಹುಡುಕಿದಾಗ ಕೆರೆ ಏರಿಯ ಮೇಲೆ ಕೂತಿದ್ದರು. ಅವತ್ತೇ ಕರೆದುಕೊಂಡು ಹೋದೆವು. ಸರಿಯಾದ ಚಿಕಿತ್ಸೆ ಸಿಕ್ಕಿ ಈಗ ಸುಗ್ಗಿಯಲ್ಲಿ ಮುಂದೆ ನಿಂತು ಅಡಿಕೆ ಗೊನೆ ಕೊಯ್ಲು ಮಾಡಿಸುತ್ತಾರೆ. ಆ ಎಂಟು ತಿಂಗಳನ್ನು ಮಾತ್ರ ನಾನು ಅವರಿಗೆ ವಾಪಸು ಕೊಡಲಾರೆ.

ಈಗ ಡಬ್ಬಿ ಕೇಳಿ ಬಂದವರಿಗೆ ಮೊದಲು ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ಕೇಳುತ್ತೇನೆ. ನಿದ್ದೆ, ಬೇಸರ ಎಂದರೆ ಕವರಿನ ಹಿಂದೆ 14416 ಎಂದು ಬರೆದುಕೊಡುತ್ತೇನೆ. ಸರ್ಕಾರದ ಟೆಲಿ ಮಾನಸ್ ನಂಬರ್ ಅದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕೆಲವರು ಓದಿ ಜೇಬಿಗೆ ಹಾಕುತ್ತಾರೆ. ಕೆಲವರು ಕವರನ್ನು ಗಲ್ಲೆಯ ಮೇಲೇ ಬಿಟ್ಟು ಹೋಗುತ್ತಾರೆ, ಅಂಥವರನ್ನು ಕೂಗಿ ಕರೆದು ಮತ್ತೆ ಕೈಗೆ ಕೊಡುತ್ತೇನೆ.