ಲಿಪ್‌ಸ್ಟಿಕ್ ಬೇಕಾ? ಮೊದಲು ಕೆಮಿಸ್ಟ್ರಿ ಓದಿ

ಲಿಪ್‌ಸ್ಟಿಕ್ ಕೊಳ್ಳುವವರಿಗೆ ಹಿಂದೆ ಇದ್ದದ್ದು ಒಂದೇ ಚಿಂತೆ: ಈ ಬಣ್ಣ ನನಗೆ ಒಪ್ಪುತ್ತಾ? ಈಗ ಅದು ಕೊನೆಯ ಪ್ರಶ್ನೆ. ಅದಕ್ಕೂ ಮೊದಲು ಕೆಡದಂತೆ ಕಾಯುವ ಪ್ಯಾರಾಬೆನ್ ಇದೆಯಾ, ಮೆದು ಮಾಡುವ ಥ್ಯಾಲೇಟ್ ಇದೆಯಾ, ನುಣುಪು ಕೊಡುವ ಸಿಲಿಕೋನ್ ಇದೆಯಾ, ಮಿನುಗುವ ಮೈಕಾ ಎಲ್ಲಿಂದ ಬಂತು ಅನ್ನೋ ವಿಚಾರಣೆ ಮುಗಿಯಬೇಕು. ಅಷ್ಟರಲ್ಲಿ ಬಣ್ಣದ ಮೇಲಿನ ಆಸೆಯೇ ಹೋಗಿರುತ್ತದೆ.

ಅಂಗಡಿಯಲ್ಲಿ ನಮ್ಮಂಥವರನ್ನು ಗುರುತಿಸುವುದು ಸುಲಭ. ಬೇರೆಯವರು ಮುಚ್ಚಳ ತೆಗೆದು, ಕೈಮೇಲೆ ಒಂದು ಗೆರೆ ಎಳೆದು ನೋಡುತ್ತಾರೆ. ನಾವು ಡಬ್ಬಿ ತಿರುಗಿಸಿ, ಫೋನಿನ ಕ್ಯಾಮೆರಾ ಹಿಡಿದು, ಇರುವೆ ಸಾಲಿನಂಥ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ಓದುತ್ತೇವೆ. ಓದುವಾಗ ತುಟಿ ಅಲ್ಲಾಡುತ್ತಿರುತ್ತದೆ. ನೋಡಿದವರು ಜಪ ಮಾಡುತ್ತಿದ್ದಾರೆ ಅಂದುಕೊಂಡರೂ ತಪ್ಪಿಲ್ಲ.

"ಮೇಡಂ, ಈ ಫೌಂಡೇಶನ್ ಫುಲ್ ನ್ಯಾಚುರಲ್. ಒಂದು ಚೂರೂ ಕೆಮಿಕಲ್ ಇಲ್ಲ" ಅಂದಳು ಅಂಗಡಿಯ ಹುಡುಗಿ.

"ಪಟ್ಟಿಯಲ್ಲಿ ಮೊದಲನೇ ಹೆಸರೇ ಅಕ್ವಾ ಅಂತಿದೆಯಲ್ಲಮ್ಮಾ?"

"ಅದು ನೀರು ಮೇಡಂ."

"ಅಂದ್ರೆ ಎಚ್‌ಟುಓ. ಕೆಮಿಕಲ್ಲೇ ಆಯ್ತಲ್ವಾ?"

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. "ನೀರು ಬೇಡ ಅಂದ್ರೆ ಪೌಡರ್ ಇದೆ ಮೇಡಂ."

ಅವಳನ್ನು ಯಾಕೆ ಬೈಯಬೇಕು? ಡಬ್ಬಿ ಹೇಳಿದ್ದನ್ನು ಅವಳು ಹೇಳುತ್ತಾಳೆ. ಡಬ್ಬಿಯೋ, ಒಳಗೆ ಏನಿದೆ ಅನ್ನುವುದನ್ನು ಹಿಂದೆ ಬಚ್ಚಿಟ್ಟು, ಏನಿಲ್ಲ ಅನ್ನುವುದನ್ನು ಮುಂದೆ ದಪ್ಪಕ್ಷರದಲ್ಲಿ ಬರೆದುಕೊಂಡಿರುತ್ತದೆ. ಅದಿಲ್ಲ, ಇದಿಲ್ಲ, ಸಲ್ಫೇಟ್ ಅಂತೂ ಇಲ್ಲವೇ ಇಲ್ಲ. ಈ ಸಲ್ಫೇಟ್ ಶ್ಯಾಂಪೂವಿನಲ್ಲಿ ನೊರೆ ಬರಿಸುವ ವಸ್ತು. ತುಟಿಯಲ್ಲಿ ನೊರೆ ಬರಲಿ ಅಂತ ಯಾರಾದರೂ ಲಿಪ್‌ಸ್ಟಿಕ್ ಹಚ್ಚುತ್ತಾರಾ? ಇರಲೇಬೇಕಾಗಿಲ್ಲದ್ದನ್ನು ಹಾಕಲಿಲ್ಲ ಅಂತ ಬೆನ್ನು ತಟ್ಟಿಕೊಳ್ಳುವುದಾದರೆ ಲಿಪ್‌ಸ್ಟಿಕ್‌ನಲ್ಲಿ ಸಿಮೆಂಟ್ ಕೂಡ ಇಲ್ಲ, ಅದನ್ನೂ ಬರೆಯಲಿ. ಕಾನೂನು ಹೇಗೂ ನಿಷೇಧಿಸಿದ್ದನ್ನು 'ನಮ್ಮಲ್ಲಿಲ್ಲ' ಅಂತ ಹೆಚ್ಚುಗಾರಿಕೆಯಾಗಿ ಹೇಳಿಕೊಳ್ಳಬಾರದು ಎಂದು ಯುರೋಪಿಯನ್ ಒಕ್ಕೂಟ 2013ರಲ್ಲೇ ನಿಯಮ ಮಾಡಿತು. ವ್ಯಾಪಾರಕ್ಕೇನು, 'ಕ್ಲೀನ್', ಅಂದರೆ ಕೆಟ್ಟದ್ದೇನೂ ಇಲ್ಲ, ಅನ್ನೋ ಹಣೆಪಟ್ಟಿ ಇದ್ದೇ ಇದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯ ಪುಸ್ತಕದಲ್ಲಿ ಮೇಕಪ್ ವಿಷಯಕ್ಕೆ 'ನ್ಯಾಚುರಲ್' ಅಂದರೆ ಇಂಥದ್ದೇ ಅನ್ನೋ ವ್ಯಾಖ್ಯೆಯೂ ಇಲ್ಲ. ಹಾಗಾಗಿ ಹಸಿರು ಎಲೆಯ ಚಿತ್ರ ಬರೆಯೋಕೆ ಯಾರ ಅಪ್ಪಣೆಯೂ ಬೇಡ.

ಸ್ವಲ್ಪ ಮರ್ಯಾದಸ್ಥ ಡಬ್ಬಿಗಳು ಲೆಕ್ಕ ಕೊಡುತ್ತವೆ: 'ಶೇ. 98 ನೈಸರ್ಗಿಕ'. ಈ ಲೆಕ್ಕಕ್ಕೆ ಐಎಸ್‌ಓ 16128 ಅಂತ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಅದರಲ್ಲಿ ನೀರನ್ನೂ ನೈಸರ್ಗಿಕ ಅಂತಲೇ ಎಣಿಸಬಹುದು. ಅರ್ಧ ಡಬ್ಬಿ ನಲ್ಲಿಯ ಕೆಳಗೆ ಹಿಡಿದರೆ ಪ್ರಕೃತಿಗೆ ಅರ್ಧ ದಾರಿ ಹತ್ತಿರವಾದಂತೆ!

ಇನ್ನು ಪ್ರಕೃತಿಯ ಕೆಂಪು. ಪಟ್ಟಿಯ ಕೊನೆಯಲ್ಲಿ ಸಿಐ 75470 ಅಂತ ಒಂದು ಸಂಖ್ಯೆ ಕಂಡರೆ ಅದು ಕಾರ್ಮೈನ್. ಕಳ್ಳಿ ಗಿಡದ ಮೇಲೆ ಬದುಕುವ ಕೊಚಿನೀಲ್ ಅನ್ನೋ ಹುಳುವನ್ನು ಒಣಗಿಸಿ ಅರೆದು ತೆಗೆದ ಬಣ್ಣ. ಮೂಲ ಅಪ್ಪಟ ನೈಸರ್ಗಿಕ, ಯಾವ ಲ್ಯಾಬಿನಲ್ಲೂ ಕಂಡುಹಿಡಿದದ್ದಲ್ಲ, ಶತಮಾನಗಳಿಂದ ಬಳಕೆಯಲ್ಲಿದೆ. ಈ ಮಾತು ತಿಳಿದ ಕೂಡಲೇ ನ್ಯಾಚುರಲ್ ಗ್ರಾಹಕರು ಡಬ್ಬಿ ಕೆಳಗಿಟ್ಟು "ಛೀ, ಹುಳವಾ! ವೀಗನ್ ಕೊಡಿ" ಅನ್ನುತ್ತಾರೆ. ಕೊಡುತ್ತಾರೆ. ಆ ವೀಗನ್ ಕೆಂಪು ಸಾಮಾನ್ಯವಾಗಿ ಬರುವುದು ಪೆಟ್ರೋಲಿಯಂ ಮೂಲದ ಕೃತಕ ಬಣ್ಣದಿಂದ. ಡಬ್ಬಿಯ ಮೇಲಿನ ಎಲೆಯ ಚಿತ್ರ ಮಾತ್ರ ಎರಡಕ್ಕೂ ಒಂದೇ.

'ಮಿನರಲ್' ಫೌಂಡೇಶನ್ನಿನ ಕತೆ ಇನ್ನೂ ಚೆನ್ನಾಗಿದೆ. ಭೂಮಿತಾಯಿಯ ಒಡಲಿನಿಂದ ನೇರವಾಗಿ ಕೆನ್ನೆಗೆ ಬಂತು ಅನ್ನೋ ಹಾಗೆ ಜಾಹೀರಾತು. ಅದರ ಕಂದು, ಹಳದಿ, ಕೆಂಪು ಛಾಯೆಗೆಲ್ಲ ಕಾರಣ ಐರನ್ ಆಕ್ಸೈಡ್. ಮಣ್ಣಿನಲ್ಲೂ ಅದು ಸಿಗುತ್ತದೆ, ಆದರೆ ಜೊತೆಗೆ ಸೀಸ, ಆರ್ಸೆನಿಕ್‌ನಂಥ ನೆಂಟರೂ ಇರಬಹುದು. ಅದಕ್ಕೇ ಅಮೆರಿಕದ ನಿಯಮದ ಪ್ರಕಾರ ಮೇಕಪ್ಪಿಗೆ ಹಾಕುವ ಐರನ್ ಆಕ್ಸೈಡ್ ತಯಾರಿಸಿದ್ದೇ ಆಗಿರಬೇಕು, ಅಗೆದದ್ದಲ್ಲ. ಅಂದರೆ ನಿಮ್ಮ ನ್ಯಾಚುರಲ್ ಫೌಂಡೇಶನ್ ಸುರಕ್ಷಿತವಾಗಿರೋದು ಅದು ಅಷ್ಟಾಗಿ ನ್ಯಾಚುರಲ್ ಅಲ್ಲದ ಕಾರಣಕ್ಕೆ. ಮೈಕಾ ಮಾತ್ರ ನಿಜವಾಗಲೂ ಗಣಿಯದ್ದು, ಅದನ್ನು ಆಯುವ ಕೈಗಳಲ್ಲಿ ಮಕ್ಕಳ ಕೈಗಳೂ ಇವೆ ಅನ್ನೋದು ಪಟ್ಟಿಯಲ್ಲಿ ಬರುವುದಿಲ್ಲ. ಲ್ಯಾಬಿನಲ್ಲಿ ಮಾಡಿದ ಮೈಕಾ ಕೂಡ ಸಿಗುತ್ತದೆ. ಅದರ ಹೆಸರು ಸಿಂಥೆಟಿಕ್ ಫ್ಲೋರ್‌ಫ್ಲೊಗೊಪೈಟ್. ಈ ಹೆಸರು ಓದಿದ ಮೇಲೆ ನಮ್ಮವರಲ್ಲಿ ಯಾರು ಅದನ್ನು ಮುಟ್ಟುತ್ತಾರೆ ಹೇಳಿ.

ಹೆದರಿಕೆಯ ರಾಣಿ ಅಂದರೆ ಪ್ಯಾರಾಬೆನ್. 2004ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ 20 ಸ್ತನ ಗಡ್ಡೆಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಪ್ಯಾರಾಬೆನ್ ಸಿಕ್ಕಿತು ಅಂದಿತು. ಕ್ಯಾನ್ಸರ್ ಅದರಿಂದಲೇ ಬಂತು ಅನ್ನಲಿಲ್ಲ. ಆರೋಗ್ಯವಂತ ಅಂಗಾಂಶದಲ್ಲಿ ಎಷ್ಟಿದೆ ಅಂತ ಹೋಲಿಸಿಯೂ ನೋಡಿರಲಿಲ್ಲ. ಅಷ್ಟು ಸಾಕಾಯಿತು, ಗುಮ್ಮ ಹುಟ್ಟಿಕೊಂಡಿತು. ಕಂಪನಿಗಳು ಪ್ಯಾರಾಬೆನ್ ತೆಗೆದವು. ಆದರೆ ನೀರಿರುವ ಕ್ರೀಮಿಗೆ ಬೂಷ್ಟು ಹಿಡಿಯದಂತೆ ಏನಾದರೂ ಹಾಕಲೇಬೇಕಲ್ಲ? ಬಹಳ ಕಡೆ ಮೀಥೈಲ್‌ಐಸೋಥಯಾಜೋಲಿನೋನ್ ಬಂದು ಕೂತಿತು. ಹಚ್ಚಿಕೊಂಡವರ ಮುಖ, ಕೈ ಕೆಂಪಾಗಿ ತುರಿಸತೊಡಗಿತು. 2013ರಲ್ಲಿ ಅಮೆರಿಕದ ಚರ್ಮ ವೈದ್ಯರ ಸಂಘವೊಂದು ಅದಕ್ಕೆ 'ವರ್ಷದ ಅಲರ್ಜಿಕಾರಕ' ಅನ್ನೋ ಬಿರುದು ಕೊಟ್ಟಿತು. ಹಚ್ಚಿ ಹಾಗೇ ಬಿಡುವ ಕ್ರೀಮುಗಳಿಂದ ಯುರೋಪು ಅದನ್ನು ಹೊರಹಾಕಿತು. ತಮಾಷೆ ಮುಗಿದಿಲ್ಲ. 2019ರಲ್ಲಿ ಅದೇ ಸಂಘ ಇನ್ನೊಂದು ಬಿರುದು ಕೊಟ್ಟಿತು: 'ವರ್ಷದ ಅಲರ್ಜಿಕಾರಕ ಅಲ್ಲದ್ದು'. ಪಡೆದದ್ದು ಯಾರು? ಪ್ಯಾರಾಬೆನ್. ಬಾಣಲೆಯಿಂದ ಬೆಂಕಿಗೆ ಬಿದ್ದವರ ಚರ್ಮಕ್ಕೆ ಈ ಸನ್ಮಾನದ ಸುದ್ದಿ ಮುಟ್ಟಿತೋ ಇಲ್ಲವೋ. ಅಂಗಡಿಯಲ್ಲಿ 'ಪ್ಯಾರಾಬೆನ್ ಇಲ್ಲ' ಅನ್ನೋ ಬೋರ್ಡ್ ಅಂತೂ ಇಳಿದಿಲ್ಲ.

ಇಷ್ಟೆಲ್ಲ ಓದಿ, ತೂಗಿ ತಂದ ಮಸ್ಕಾರಾ ಹಚ್ಚಿಕೊಂಡರೆ? ಬೆಳಿಗ್ಗೆ ಚೆನ್ನಾಗಿಯೇ ಇರುತ್ತದೆ. ಅದರಲ್ಲಿರೋದು ಮೇಣ, ಎಣ್ಣೆ, ಕಪ್ಪು ಪುಡಿ. ರೆಪ್ಪೆಯ ಮೇಲೆ ಪದರ ಕಟ್ಟಿ ಹಿಡಿದುಕೊಳ್ಳುವ ಪಾಲಿಮರ್ ಇಲ್ಲ, ಯಾಕೆಂದರೆ ಅದು 'ಪ್ಲಾಸ್ಟಿಕ್'. ಮಧ್ಯಾಹ್ನದ ಹೊತ್ತಿಗೆ ಮುಖದ ಜಿಡ್ಡು ಮೇಣವನ್ನು ಮಾತಾಡಿಸಿಕೊಂಡು ಕೆಳಗೆ ಕರೆದುಕೊಂಡು ಬರುತ್ತದೆ. ಎರಡೂ ಕಣ್ಣಿನ ಕೆಳಗೆ ಎರಡು ಕಪ್ಪು ಅರ್ಧಚಂದ್ರ. ಸಹೋದ್ಯೋಗಿ ಹತ್ತಿರ ಬಂದು ಮೆಲ್ಲಗೆ "ಮನೇಲಿ ಎಲ್ಲ ಸರಿ ಇದೆ ತಾನೇ?" ಅಂತ ಕೇಳುತ್ತಾರೆ. ಲಿಪ್‌ಸ್ಟಿಕ್ ಲೋಟದ ಅಂಚಿಗೆ ಚೆನ್ನಾಗಿ ಒಪ್ಪಿರುತ್ತದೆ. ಶಿಯಾ ಬೆಣ್ಣೆಯ ಬ್ಲಶ್ ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಹರಳುಗಟ್ಟುತ್ತದೆ, ಕೆನ್ನೆಗೆ ಮರಳು ಉಜ್ಜಿದ ಹಾಗೆ. ದೂರು ಹೇಳಿದರೆ ಉತ್ತರ ಸಿದ್ಧ: "ಅದೇ ಮೇಡಂ ನ್ಯಾಚುರಲ್ ಅನ್ನೋದಕ್ಕೆ ಸಾಕ್ಷಿ." ಕೆಟ್ಟು ಹೋಗೋದೇ ಒಳ್ಳೆಯತನದ ಗುರುತು ಅಂದಮೇಲೆ ವಾದ ಎಲ್ಲಿಂದ ಮಾಡೋದು?

ಹಾಗಂತ ಭಯವೆಲ್ಲ ಸುಳ್ಳಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ರೆಪ್ಪೆಗೆ ಹಚ್ಚುವ ಬಣ್ಣವೊಂದು ಹೆಂಗಸರ ಕಣ್ಣನ್ನೇ ತೆಗೆದಿತ್ತು. ಜನ ರೊಚ್ಚಿಗೆದ್ದರು, 1938ರಲ್ಲಿ ಹೊಸ ಕಾನೂನು ಬಂತು. ಆದರೆ ಅಪಾಯಕಾರಿ ಮೇಕಪ್ಪನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಸುವ ಅಧಿಕಾರ ಅಲ್ಲಿನ ಇಲಾಖೆಗೆ ಸಿಕ್ಕಿದ್ದು 2022ರಲ್ಲಿ. ಅಲ್ಲಿಯವರೆಗೂ 'ದಯವಿಟ್ಟು ತೆಗೀರಿ' ಅಂತ ಕಂಪನಿಗಳನ್ನು ಕೇಳಿಕೊಳ್ಳಬೇಕಿತ್ತು. ಹಿಂದೆ ಭಯಪಟ್ಟವರು ಸರ್ಕಾರವನ್ನು ಹಿಡಿದು ಅಲ್ಲಾಡಿಸಿದರು. ನಾವು ಭಯಪಟ್ಟು ಶಾಪಿಂಗ್ ಹೋಗುತ್ತೇವೆ. ಪರೀಕ್ಷೆ ಮಾಡಬೇಕಾದವರು ಕಚೇರಿಯಲ್ಲಿ ಕೂತಿದ್ದಾರೆ. ಪರೀಕ್ಷಕಿಯ ಕೆಲಸವನ್ನು ನಾವು ಮಾಡುತ್ತಿದ್ದೇವೆ, ಸಂಬಳವಿಲ್ಲದೆ, ಲ್ಯಾಬ್ ಇಲ್ಲದೆ, ಡಬ್ಬಿಗೆ ಒಂದಿಷ್ಟು ಜಾಸ್ತಿ ದುಡ್ಡನ್ನೂ ಕೊಟ್ಟು.

ಅಷ್ಟು ನಿಷ್ಠೆಯಿಂದ ಓದಿದರೂ ಪಟ್ಟಿಯ ಕೊನೆಗೆ ಒಂದು ಮುಚ್ಚಿದ ಬಾಗಿಲು: 'ಪರ್ಫ್ಯೂಮ್'. ಈ ಒಂದು ಹೆಸರಿನ ಹಿಂದೆ ಹತ್ತಾರು ವಸ್ತುಗಳು ಅಡಗಿರಬಹುದು. ಯುರೋಪು 2023ರಲ್ಲಿ ಆ ಬಾಗಿಲನ್ನು ಇನ್ನಷ್ಟು ಸರಿಸಿತು. ಒಂದು ಮಿತಿ ಮೀರಿದರೆ 80ಕ್ಕೂ ಹೆಚ್ಚು ಅಲರ್ಜಿಕಾರಕ ಸುಗಂಧ ವಸ್ತುಗಳನ್ನು ಹೆಸರು ಹಿಡಿದೇ ಬರೆಯಬೇಕು ಅಂದಿತು. ಹೊಸ ಉತ್ಪನ್ನಗಳಿಗೆ 2026ರ ಜುಲೈ ಕೊನೆಯ ಗಡುವು, ಹಳೆಯವಕ್ಕೆ 2028. ಲಿನಲೂಲ್, ಲಿಮೊನೀನ್, ಜೆರಾನಿಯಾಲ್: ಇವೆಲ್ಲ ಲ್ಯಾವೆಂಡರ್, ಕಿತ್ತಳೆ ಸಿಪ್ಪೆ, ಗುಲಾಬಿಯ ಎಣ್ಣೆಯಲ್ಲೇ ಇರುವಂಥವು. ಆದ್ದರಿಂದ ಹೂವಿನ ಎಣ್ಣೆ ಸುರಿದು ಮಾಡಿದ ಅಪ್ಪಟ ನ್ಯಾಚುರಲ್ ಕ್ರೀಮಿನ ಪಟ್ಟಿ ಇನ್ನು ಮೊಳದುದ್ದ ಬೆಳೆಯಬಹುದು. ವಾಸನೆಯೇ ಇಲ್ಲದ ಫ್ಯಾಕ್ಟರಿ ಕ್ರೀಮಿಗೆ ಈ ತಾಪತ್ರಯವಿಲ್ಲ, ಅದರ ಪಟ್ಟಿ ಚಿಕ್ಕದು, ಚೊಕ್ಕದು. ಅದನ್ನು ಮಾರುವವರು ಆಗಲೇ ಹಸಿರು ಎಲೆಯ ಚಿತ್ರ ಬರೆಸೋಕೆ ಕೊಟ್ಟಿರಬೇಕು.