ಹೊಸ ರಾಗಿ ತಳಿಯ ಪೂರ್ತಿ ಜಾತಕ ಬರೆದಿಡಿ

ಹೊಸ ತಳಿ ಬಿಡುಗಡೆಯಾದರೆ ಪತ್ರಿಕೆಯಲ್ಲಿ ಬರುವುದು ಎರಡೇ ವಿಷಯ. ಎಕರೆಗೆ ಎಷ್ಟು ಕ್ವಿಂಟಾಲ್, ಎಷ್ಟು ದಿನಕ್ಕೆ ಕೊಯ್ಲು. ಅದೇ ತಳಿಯ ಒಂದಿಷ್ಟು ಬೀಜ ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿಗೆ ಹೋಗಿ, ‘ಐಸಿ’ ಎಂದು ಶುರುವಾಗುವ ನಂಬರು ಪಡೆಯುತ್ತದೆ ಅನ್ನೋದನ್ನು ಯಾರೂ ಬರೆಯುವುದಿಲ್ಲ. ನನ್ನ ಪ್ರಕಾರ ಅದೂ ಅಷ್ಟೇ ದೊಡ್ಡ ಸುದ್ದಿ.

ಜೀನ್ ಬ್ಯಾಂಕ್ ಅಂದರೆ ಅಜ್ಜನ ಕಾಲದ ನಾಟಿ ತಳಿಗಳನ್ನು ಕಾಪಾಡುವ ಜಾಗ ಅಂತಲೇ ಬಹಳ ಜನ ತಿಳಿದಿದ್ದಾರೆ. ಹೊಸದನ್ನು ಯಾಕೆ ಇಡಬೇಕು, ಹೊಲದಲ್ಲೇ ಇದೆಯಲ್ಲ ಅಂತ ಕೇಳುತ್ತಾರೆ. ಅವರಿಗೆ ನಾನು ಜಿಪಿಯು-28 ಎಂಬ ರಾಗಿ ತಳಿಯ ಕಥೆ ಹೇಳುತ್ತೇನೆ.

ಹಳೇ ಮೈಸೂರು ಕಡೆ ಈ ರಾಗಿಯ ಪರಿಚಯ ಮಾಡಿಕೊಡಬೇಕಿಲ್ಲ. ಬೆಂಕಿ ರೋಗಕ್ಕೆ ಜಗ್ಗದ ತಳಿ ಅಂತಲೇ ಹೆಸರು. ಇದರ ಒಂದು ಪೋಷಕ ಇಂಡಾಫ್-5. ಇನ್ನೊಂದು ಪೋಷಕ, ಇಂಡಾಫ್-9ನ್ನು ಐಇ 1012 ಜೊತೆ ಸೇರಿಸಿ ಪಡೆದದ್ದು. ಇಂಡಾಫ್‌ಗಳು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಬೆಳೆಸಿದ ಸಾಲು. ರಾಗಿ ಹೂವು ಎಷ್ಟು ಸಣ್ಣದು ಅಂದರೆ, ಅದು ತನ್ನಷ್ಟಕ್ಕೆ ಪರಾಗಸ್ಪರ್ಶ ಮಾಡಿಕೊಳ್ಳುವ ಮೊದಲು ಕೈಹಾಕುವುದೇ ಕಷ್ಟ. ಅಂಥ ಕೆಲಸದಿಂದ ಬಂದ ಇಂಡಾಫ್ ಒಂದು ಕಾಲಕ್ಕೆ ಹೊಚ್ಚ ಹೊಸ ತಳಿ. ಆಮೇಲೆ ಅದೇ ಮುಂದಿನ ತಳಿಗೆ ಪೋಷಕವಾಯಿತು. ಇನ್ನು ಐಇ 1012? ಅದು ಜರ್ಮ್‌ಪ್ಲಾಸಂ (ತಳಿ ಬೆಳೆಸಲೆಂದು ಕೂಡಿಟ್ಟ ಬೀಜಗಳ) ಸಂಗ್ರಹದ ಒಂದು ನಂಬರು, ಅಷ್ಟೇ. ಆ ನಂಬರಿನ ಮುಂದೆ ಅದರ ಗುಣ ಬರೆದಿರದಿದ್ದರೆ ಸಾವಿರಾರು ಪೊಟ್ಟಣಗಳ ನಡುವೆ ಅದನ್ನು ಯಾರು ಹುಡುಕುತ್ತಿದ್ದರು?

ಬೀಜ ಇಡುವುದು ಒಂದು ಹಂತಕ್ಕೆ ಗೊತ್ತಿರುವ ಕೆಲಸ. ಚೆನ್ನಾಗಿ ಒಣಗಿಸಿ, ಅಲ್ಯೂಮಿನಿಯಂ ಪೊಟ್ಟಣದಲ್ಲಿ ಸೀಲ್ ಮಾಡಿ, ಮೈನಸ್ 18 ಡಿಗ್ರಿಯಲ್ಲಿ ಇಡುತ್ತಾರೆ. ಬರೆದಿಡುವುದರಲ್ಲೇ ತಾಳ್ಮೆ ಬೇಕು. ಮೊದಲು ಪಾಸ್‌ಪೋರ್ಟ್ ಮಾಹಿತಿ: ಎಲ್ಲಿಯದು, ಯಾರು ಕೊಟ್ಟದ್ದು, ಪೋಷಕ ತಳಿಗಳು ಯಾವುವು. ಆಮೇಲೆ ಬೆಳೆಸಿ ನೋಡಿ ತುಂಬುವ ವಿವರ: ಗಿಡದ ಎತ್ತರ, ತೆಂಡೆ (ಬುಡದಿಂದ ಒಡೆಯುವ ಕವಲು) ಎಷ್ಟು, ಹೂ ಬರಲು ಎಷ್ಟು ದಿನ, ತೆನೆಯಲ್ಲಿ ಇಲುಕು (ಬೆರಳಿನಂಥ ಎಸಳು) ಎಷ್ಟು, ತೆನೆ ಬಿಚ್ಚಿಕೊಂಡಿದೆಯೋ ಮುಷ್ಟಿಯಂತೆ ಮುಚ್ಚಿದೆಯೋ, ಕಾಳಿನ ಬಣ್ಣ. ಮೊಳಕೆಯ ಶಕ್ತಿ ಕುಗ್ಗಿದಾಗ ಮತ್ತೆ ಬಿತ್ತಿ ಹೊಸ ಬೀಜ ತೆಗೆಯುತ್ತಾರಲ್ಲ, ಆಗ ಈ ವಿವರವೇ ಕಾವಲು. ರಾಗಿ ಹೊಲದಲ್ಲಿ ಸಂಕರವಾಗುವುದು ಕಡಿಮೆ. ಆದರೆ ಒಕ್ಕುವಾಗ ಬೆರೆತರೆ? ಅಷ್ಟು ಸಣ್ಣ ಕಾಳನ್ನು ಕಣ್ಣಲ್ಲಿ ಆರಿಸಲು ಆಗುತ್ತಾ? ಗಿಡ ಬೆಳೆದ ಮೇಲೆ ಹಳೆಯ ದಾಖಲೆ ಪಕ್ಕಕ್ಕಿಟ್ಟು ನೋಡಿದರೆ ಮಾತ್ರ ಬೇರೆಯದು ಸೇರಿದೆ ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ಒಪ್ಪುತ್ತೇನೆ. ಆದರೂ ನನಗೆ ಈ ಪಟ್ಟಿ ಸಾಲದು.

ರಾಗಿ ಬೆಳೆಯುವ ಮನೆಯಲ್ಲಿ ತಳಿಯನ್ನು ತೂಗುವುದು ಬೇರೆ ಥರ. ಮುದ್ದೆ ಹದವಾಗಿ ನಿಲ್ಲುತ್ತಾ, ಇಲ್ಲ ಹರಿದುಹೋಗುತ್ತಾ? ಹುಲ್ಲನ್ನು ದನ ಇಷ್ಟಪಟ್ಟು ತಿನ್ನುತ್ತಾ? ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಪೈರು ಮಲಗುತ್ತಾ? ಇಳುವರಿ ಚೆನ್ನಾಗಿದ್ದ ತಳಿಯನ್ನೂ ಸುಮ್ನೆ ಮುದ್ದೆ ಚೆನ್ನಾಗಿಲ್ಲ ಅಂತ ಬಿಟ್ಟವರನ್ನು ನಾನು ನೋಡಿದ್ದೇನೆ. ಇದು ಹೆಂಗಸರು ಪ್ರತಿದಿನ ಒಲೆ ಮುಂದೆ ಮಾಡುವ ಪರೀಕ್ಷೆ. ಅದನ್ನೂ ಕೇಳಿ, ಬರೆದು, ತಳಿಯ ದಾಖಲೆಗೆ ಸೇರಿಸಬೇಕು. ವಿ.ಸಿ. ಫಾರಂನ ಬಿಳಿ ರಾಗಿ ಕೆಎಂಆರ್-340 ವಿಷಯದಲ್ಲಿ ಬೇಕರಿ ತಿನಿಸಿಗೆ ಒಳ್ಳೆಯದು ಅಂತ ಹೇಳುತ್ತಾರಲ್ಲ, ಹಾಗೆಯೇ ಮುದ್ದೆಯ ಗುಣ ಹೇಳಲು ಏನು ಅಡ್ಡಿ?

ಇನ್ನೊಂದು ಮಾತು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ಹೊಸ ತಳಿ ನೋಂದಾಯಿಸುವವರು ಪೋಷಕ ತಳಿಗಳ ಮೂಲವನ್ನು ಹೇಳಲೇಬೇಕು. ರೈತರ ಕೊಡುಗೆ ಇದ್ದರೆ ಅದನ್ನೂ ಹೇಳಬೇಕು. ಒಳ್ಳೆಯ ನಿಯಮ. ಆದರೆ ಆ ಮಾಹಿತಿ ಅರ್ಜಿಯ ಒಳಗೇ ಉಳಿದರೆ ಹಸಿರುಕಂಬಿ, ಕರಿಗಿಡ್ಡ, ರುದ್ರಜಡೆಯಂಥ ನಾಟಿ ರಾಗಿಗಳನ್ನು ಉಳಿಸಿಕೊಂಡ ಊರುಗಳಿಗೆ ಏನು ಸಿಕ್ಕಿತು? ಯಾವ ಹೊಸ ತಳಿಯಲ್ಲಿ ಯಾವ ನಾಟಿ ರಾಗಿಯ ಪಾಲಿದೆ ಅನ್ನೋದು ಕನ್ನಡದಲ್ಲಿ, ಬೀಜ ಕೊಳ್ಳುವ ರೈತ ಸಂಪರ್ಕ ಕೇಂದ್ರದಲ್ಲೇ ಓದಲು ಸಿಗಬೇಕು.

ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ರಾಗಿಗಳನ್ನು ಬೆಳೆದು ಉಂಡ ಹಿರಿಯರು ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ, ಅವುಗಳ ಮುದ್ದೆ ಹೇಗಿತ್ತು, ಹುಲ್ಲು ಹೇಗಿತ್ತು ಅಂತ ಈ ವಾರವೇ ಕೇಳಿ. ಊರು, ಮಣ್ಣು, ಬಿತ್ತುತ್ತಿದ್ದ ಮಳೆ ನಕ್ಷತ್ರ ಸೇರಿಸಿ ಬರೆದು ನನಗೆ ಕಳಿಸಿ. ಕೃಷಿ ವಿಶ್ವವಿದ್ಯಾಲಯದ ರಾಗಿ ವಿಭಾಗಕ್ಕೆ ಒಟ್ಟುಮಾಡಿ ಕೊಡುವ ಜವಾಬ್ದಾರಿ ನನ್ನದು.