ಬಿಎಗೆ ಬ್ಯಾಡ, ಆಪ್ಷನಲ್‌ಗೆ ಇರಲಿ

ಧಾರವಾಡದಲ್ಲಿ ಹುಡುಗನೊಬ್ಬ ಬಿಎಗೆ ಫಿಲಾಸಫಿ ತಗೊಂಡಿದ್ದಾನೆ ಅಂತ ಗೊತ್ತಾದರೆ ಓಣಿಯಲ್ಲಿ ಮೊದಲು ಬರುವ ಪ್ರಶ್ನೆ, "ಬ್ಯಾರೆ ಯಾವುದೂ ಸಿಗಲಿಲ್ಲೇನ್ ಪಾ?" ಎರಡನೆಯದು, "ಮುಂದೇನ್ ಮಾಡ್ತಿ?" ಮೂರನೆಯದನ್ನು ಅವನ ಅವ್ವನನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ: "ಹುಡುಗ ಆರಾಮ ಅದಾನಿಲ್ರೀ?"

ಹೀಗೆ ಕೇಳುವವರು ತತ್ವದ ವೈರಿಗಳೇನಲ್ಲ. ಬೆಳಗಿನ ಜಾವ ಎದ್ದು ಸೂರ್ಯೋದಯದ ಫೋಟೋ ಮೇಲೆ 'ಎಲ್ಲವೂ ನಶ್ವರ' ಅಂತ ಬರೆದದ್ದನ್ನು ಊರಿಗೆಲ್ಲ ವಾಟ್ಸಾಪ್ ಮಾಡಿ, ಆಮೇಲೆ ಬೈಪಾಸ್ ಕಡೆ ಸೈಟಿನ ರೇಟು ವಿಚಾರಿಸುವವರು. ಸೀಮೆಯೂ ಅಂಥದ್ದೇ. ಹಾವೇರಿ ಕಡೆ ಹೊರಟರೆ ಕನಕದಾಸರು, ಅಂಬಿಗರ ಚೌಡಯ್ಯ, ಶಿಶುನಾಳ ಶರೀಫರು ಸಾಲಾಗಿ ಸಿಗುತ್ತಾರೆ. ಹುಬ್ಬಳ್ಳಿಯಲ್ಲಂತೂ ರೈಲು ನಿಲ್ದಾಣಕ್ಕೇ ಸಿದ್ಧಾರೂಢರ ಹೆಸರು. ಜೀವಕ್ಕೂ ಬ್ರಹ್ಮಕ್ಕೂ ಅಂತರವೇ ಇಲ್ಲ ಅಂತ ಬೋಧಿಸಿದವರ ಹೆಸರಿನಲ್ಲಿ 1,507 ಮೀಟರ್ ಪ್ಲಾಟ್‌ಫಾರ್ಮ್ ಕಟ್ಟಿದ್ದೇವೆ, ಜಗತ್ತಿನಲ್ಲೇ ಉದ್ದದ್ದು. ಬ್ಯಾಗು ಹೊತ್ತು ಈ ತುದಿಯಿಂದ ಆ ತುದಿಗೆ ನಡೆದವರಿಗೆ ಅದ್ವೈತದ ಮೇಲೆ ನಂಬಿಕೆ ಉಳಿಯುವುದು ಕಷ್ಟ.

ತತ್ವ ಮಠದಲ್ಲಿರಲಿ, ಜಾತ್ರೆಯಲ್ಲಿರಲಿ, ಸ್ಟೇಷನ್ ಬೋರ್ಡಿನಲ್ಲಿರಲಿ. ಮನೆ ಹುಡುಗನ ಮಾರ್ಕ್ಸ್ ಕಾರ್ಡಿನಲ್ಲಿ ಮಾತ್ರ ಬೇಡ. ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆ ಫಿಲಾಸಫಿ ಪಾಠ ಮಾಡುತ್ತಲೇ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿ ಆಗಲಿಲ್ವಾ ಅಂತ ಹುಡುಗ ಬಾಯಿ ಬಿಟ್ಟರೆ, "ಅದು ಆಗಿನ ಕಾಲ ಬಿಡು" ಅಂತ ಮುಚ್ಚಿಸುತ್ತಾರೆ.

ರಾಜ್ಯ ಸರ್ಕಾರ ಮಾತ್ರ ತನ್ನ ಕೈಲಾದ ತತ್ವಬೋಧೆ ಮಾಡುತ್ತಿದೆ. 2021ರಲ್ಲಿ ಪದವಿಯನ್ನು ನಾಲ್ಕು ವರ್ಷಕ್ಕೆ ಹಿಗ್ಗಿಸಿತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿತು. ಯಾವುದೂ ಸ್ಥಿರವಲ್ಲ ಅನ್ನುವ ಬುದ್ಧನ ಮಾತಿಗೆ ಇದಕ್ಕಿಂತ ಒಳ್ಳೆ ಪ್ರಾಕ್ಟಿಕಲ್ ಎಲ್ಲಿದೆ?

ಇರಲಿ. ಹುಡುಗ ಮನೆಯವರ ಮಾತು ಕೇಳಿ ಫಿಲಾಸಫಿ ಬಿಟ್ಟು 'ಸ್ಕೋಪ್ ಇರೋ' ಡಿಗ್ರಿ ಮುಗಿಸುತ್ತಾನೆ. ನೌಕರಿ ಸಿಗುವುದಿಲ್ಲ. ಕೋಚಿಂಗ್ ಸೆಂಟರುಗಳೇ ತುಂಬಿರುವ ಸಪ್ತಾಪುರದಲ್ಲಿ ರೂಮು ಹಿಡಿದು, ಮೂರೂ ಕಡೆ ಪ್ಲೈವುಡ್ ಇರುವ ಸ್ಟಡಿ ರೂಮಿನ ಗೂಡಿಗೆ ತಿಂಗಳ ಬಾಡಿಗೆ ಕಟ್ಟಿ ಐಎಎಸ್‌ಗೆ ಕೂರುತ್ತಾನೆ. ಆ ಪರೀಕ್ಷೆಯಲ್ಲಿ ಒಂದು ವಿಷಯವನ್ನು ನಾವೇ ಆರಿಸಿಕೊಳ್ಳಬೇಕು, ಅದೇ ಆಪ್ಷನಲ್. ಅಲ್ಲಿ ಸೀನಿಯರ್ ಒಬ್ಬ ಗುಟ್ಟು ಹೇಳುತ್ತಾನೆ: "ಆಪ್ಷನಲ್ ಫಿಲಾಸಫಿ ತಗೋಲೇ. ಸಿಲೆಬಸ್ ಸಣ್ಣದೈತಿ. ನಾಲ್ಕು ತಿಂಗಳದಾಗ ಮುಗೀತದ."

ಮುಗಿಯುವುದು ಯಾರು ಅಂತೀರಿ? ಪ್ಲೇಟೋ, ಅರಿಸ್ಟಾಟಲ್, ಕಾಂಟ್, ಹೆಗೆಲ್, ಚಾರ್ವಾಕ, ನ್ಯಾಯ, ಸಾಂಖ್ಯ, ವೇದಾಂತ. ದೇವರಿದ್ದಾನೆ ಅನ್ನುವುದಕ್ಕೆ ಪುರಾವೆಗಳು, ಇಲ್ಲ ಅನ್ನುವವರ ತಕರಾರುಗಳು. ಎರಡು ಪೇಪರ್, 500 ಅಂಕ. ಮಗ ಪುಕ್ಕಟೆಯಾಗಿ ಓದುತ್ತೇನೆ ಅಂದಾಗ ತಲೆಯ ಮೇಲೆ ಕೈ ಹೊತ್ತ ಅಪ್ಪ, ಈಗ ಅದೇ ಶಂಕರಾಚಾರ್ಯರಿಗೆ ಹೊಲದ ದುಡ್ಡಿನಲ್ಲಿ ಕೋಚಿಂಗ್ ಫೀ ಕಟ್ಟುತ್ತಾನೆ. ಓಣಿಯಲ್ಲಿ ಎದೆಯುಬ್ಬಿಸಿ ಹೇಳುತ್ತಾನೆ ಕೂಡ: "ನಮ್ಮಾಂವ ಫಿಲಾಸಫಿ ಮಾಡಾಕತ್ತಾನ್ರೀ. ಭಾಳ ಸ್ಕೋರಿಂಗ್ ಅಂತ."

ಹಳೆಯ ಅಥೆನ್ಸಿನಲ್ಲೂ ಕೋಚಿಂಗ್ ಇತ್ತು. ಸೋಫಿಸ್ಟರು ಫೀ ತಗೊಂಡು ಸಭೆಯಲ್ಲಿ ಗೆಲ್ಲುವ ಮಾತು ಕಲಿಸುತ್ತಿದ್ದರು. ಸಾಕ್ರಟೀಸ್ ಬಿಟ್ಟಿ ಕಲಿಸುತ್ತಿದ್ದ. ಅವನಿಗೆ ವಿಷ ಕುಡಿಸಿದರು. ಈ ಕಥೆಯೂ ಕೋಚಿಂಗ್‌ನವರ ನೋಟ್ಸಿನಲ್ಲಿ ಇದೆ, ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಸಮೇತ ಸಿಗುತ್ತದೆ.

ಐಎಎಸ್ ಪರೀಕ್ಷೆಗೆ 2013ರಿಂದ ಇನ್ನೊಂದು ಸೇರಿದೆ. ನೀತಿ, ಪ್ರಾಮಾಣಿಕತೆಗೇ ಪ್ರತ್ಯೇಕ ಪೇಪರ್, 250 ಅಂಕ. ಮೂರು ಗಂಟೆ ಪ್ರಾಮಾಣಿಕನಾಗಿದ್ದರೆ ಸಾಕು. ಅದೂ ಕಾಗದದ ಮೇಲೆ. ನಮ್ಮ ರಾಜ್ಯದಲ್ಲೇ 2021ರಲ್ಲಿ ಕಳ್ಳರನ್ನು ಹಿಡಿಯುವ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ ಉತ್ತರ ಗುರುತಿಸುವ ಒಎಂಆರ್ ಶೀಟನ್ನೇ ತಿದ್ದಿ, ಕೊನೆಗೆ ಪರೀಕ್ಷೆಯೇ ರದ್ದಾಗಲಿಲ್ವಾ? ಅದಕ್ಕೆ ನೀತಿ ಪೇಪರ್ ಇರಲಿಲ್ಲ, ನಿಜ. ಇದ್ದಿದ್ದರೆ ಅದರ ಉತ್ತರಗಳನ್ನೂ ಚೆಂದಾಗಿ ತಿದ್ದುತ್ತಿದ್ದರು.

ಈ ಪೇಪರಿನ ಕೇಸ್ ಸ್ಟಡಿಗೆ ಮಾಕ್ ಟೆಸ್ಟ್ ನಡೆಯುವುದನ್ನು ನೋಡಬೇಕು. 'ನೀವು ಜಿಲ್ಲಾಧಿಕಾರಿ. ಕಳಪೆ ಸೇತುವೆ ಕಟ್ಟಿದ ಗುತ್ತಿಗೆದಾರ ನಿಮ್ಮ ಭಾವ. ಏನು ಮಾಡುತ್ತೀರಿ?' ಹುಡುಗರು ಸ್ಕೇಲ್ ಇಟ್ಟು ಗೆರೆ ಹೊಡೆದು ಬಾಕ್ಸ್ ಹಾಕುತ್ತಾರೆ. ಒಂದರಲ್ಲಿ ಕಾಂಟ್, ಇನ್ನೊಂದರಲ್ಲಿ ಗಾಂಧೀಜಿ, ಮೂಲೆಯಲ್ಲಿ ಬಸವಣ್ಣ. ಕೀವರ್ಡ್‌ಗೆ ಅಂಡರ್‌ಲೈನ್. ಮೂರು ಗಂಟೆ ಮುಗಿಯುವುದರೊಳಗೆ ಹಾಲ್‌ನಲ್ಲಿದ್ದ ಅಷ್ಟೂ ಮಂದಿ ತಮ್ಮ ತಮ್ಮ ಭಾವನನ್ನು ಜೈಲಿಗೆ ಕಳಿಸಿ ಹೊರಗೆ ಚಹಾಕ್ಕೆ ಬರುತ್ತಾರೆ.

"ಖರೇನ ಅರೆಸ್ಟ್ ಮಾಡಸ್ತಿಯೇನಲೇ?" ಅಂತ ಒಬ್ಬ ಕೇಳುತ್ತಾನೆ.

"ಹುಚ್ಚದೀಯೇನ್? ಅದು ಸಿಲೆಬಸ್‌ದಾಗ ಇಲ್ಲ."